ಪಾಚಿಯ ಮೇಲಿನ ಪುಟ್ಟ ಬಟ್ಟಲು ಅಣಬೆಯೇ? ಫಾರ್ವರ್ಡ್ ಮಾಡುವ ಮೊದಲು ಹೀಗೆ ನೋಡಿ

ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ವಾಟ್ಸಾಪ್ ಗುಂಪುಗಳಿಗೆ ಒಂದು ಬಗೆಯ ಫೋಟೊ ಬರತೊಡಗುತ್ತದೆ. ಒದ್ದೆ ಕಟ್ಟೆಯೋ ಬಾವಿಯ ಒಳಗೋಡೆಯೋ ನರ್ಸರಿಯಿಂದ ತಂದ ಹೂಕುಂಡವೋ ಇರುತ್ತದೆ. ಅದರ ಮೇಲೆ ಹಸಿರು ಪಾಚಿ, ಪಾಚಿಯ ಮೇಲೆ ಮಕ್ಕಳ ಆಟದ ಪಾತ್ರೆಗಳ ಹಾಗೆ ಕೂತ ಪುಟ್ಟ ಪುಟ್ಟ ಬಟ್ಟಲುಗಳು. ಕೆಳಗಿನ ಬರಹ ಮಾತ್ರ ಗುಂಪಿಗೊಂದು ತೆರ. ಒಬ್ಬರು ಅಪರೂಪದ ಅಣಬೆ ಅನ್ನುತ್ತಾರೆ. ಇನ್ನೊಬ್ಬರು ವಿಷದ ಬೂಷ್ಟು, ಮುಟ್ಟಬೇಡಿ ಅನ್ನುತ್ತಾರೆ. ಮತ್ತೊಬ್ಬರಿಗೆ ಅದು ಲಿವರ್ ಕಾಯಿಲೆಗೆ ರಾಮಬಾಣ.

ಚುಟುಕಾಗಿ ಹೇಳುವುದಾದರೆ, ಬರಿಗಣ್ಣಿಗೆ ಚೆನ್ನಾಗಿ ಕಾಣುವ ಹಸಿರು ಬಟ್ಟಲು ಬಹುಪಾಲು ಅಣಬೆಯೇ ಅಲ್ಲ, ಆ ಗಿಡದ್ದೇ ಅಂಗ. ಆದರೆ ಇಂಥ ಗಿಡಗಳ ಮೇಲೆ ಬೆಳೆಯುವ ನಿಜವಾದ ಬಟ್ಟಲು ಶಿಲೀಂಧ್ರಗಳೂ ಇವೆ. ಅವು ಎಷ್ಟು ಚಿಕ್ಕವೆಂದರೆ ಹೆಚ್ಚಿನವು ಒಂದು ಮಿಲಿಮೀಟರ್ ದಾಟುವುದಿಲ್ಲ. ಅವನ್ನು ಗುರುತಿಸಲು ಬಣ್ಣ, ಆಕಾರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅದು ಯಾವ ಗಿಡದ ಮೇಲೆ ಕೂತಿದೆ?

ನಾವು ಪಾಚಿ ಎನ್ನುವುದು ಒಂದೇ ಗಿಡ ಅಲ್ಲ

ಒದ್ದೆ ಜಾಗದಲ್ಲಿ ಹಸಿರಾಗಿ ಹಬ್ಬಿದ್ದನ್ನೆಲ್ಲ ನಾವು ಪಾಚಿ ಎನ್ನುತ್ತೇವೆ. ಕೆಲವು ಕಡೆ ಹಾವಸೆ ಎನ್ನುವುದುಂಟು. ಸಸ್ಯವಿಜ್ಞಾನದ ಲೆಕ್ಕದಲ್ಲಿ ಅದರೊಳಗೆ ಕನಿಷ್ಠ ಮೂರು ಬೇರೆ ಬೇರೆ ಗುಂಪುಗಳಿವೆ. ಕಾಲು ಜಾರಿಸುವ ಲೋಳೆಯಂಥ ಪದರ ಆಲ್ಗೆ. ಪುಟ್ಟ ಕಾಂಡಕ್ಕೆ ಸುತ್ತಲೂ ಎಲೆ ಜೋಡಿಸಿದಂತೆ ಮಕಮಲ್ಲಿನ ಹಾಗೆ ಕಾಣುವುದು ಮಾಸ್. ಮೂರನೆಯದು ಲಿವರ್‌ವರ್ಟ್.

ಲಿವರ್‌ವರ್ಟ್‌ಗಳಲ್ಲಿ ಎರಡು ರೂಪಗಳು ಕಾಣಸಿಗುತ್ತವೆ. ಒಂದು, ನೆಲಕ್ಕೆ ಅಂಟಿಕೊಂಡು ಕವಲೊಡೆಯುತ್ತಾ ಸಾಗುವ ಚಪ್ಪಟೆ ಹಸಿರು ಪಟ್ಟಿ. ಇದಕ್ಕೆ ಕಾಂಡ, ಎಲೆ ಎಂಬ ಭೇದವಿಲ್ಲ. ಪಿಯುಸಿ ಜೀವಶಾಸ್ತ್ರ ಓದಿದವರಿಗೆ ಮಾರ್ಕಾಂಷಿಯಾದ ಚಿತ್ರ ನೆನಪಿರಬಹುದು, ಅದೇ ಇದು. ಇನ್ನೊಂದು ಎಲೆಯುಳ್ಳ ಲಿವರ್‌ವರ್ಟ್. ಇದನ್ನು ಮಾಸ್ ಎಂದುಕೊಳ್ಳುವುದು ಬಹಳ ಸುಲಭ. ಲೆನ್ಸ್ ಹಿಡಿದು ನೋಡಿದರೆ ಎಲೆಗಳು ಕಾಂಡದ ಎರಡೂ ಬದಿಗೆ ಸಾಲಾಗಿ, ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿ ಕೂತಿರುತ್ತವೆ. ಎಲೆಯ ನಡುವೆ ನರ ಇರುವುದಿಲ್ಲ, ಎಷ್ಟೋ ಜಾತಿಗಳಲ್ಲಿ ಎಲೆಯ ತುದಿ ಸೀಳಿರುತ್ತದೆ. ಮಾಸ್‌ನಲ್ಲಿ ಎಲೆಗಳು ಸಾಮಾನ್ಯವಾಗಿ ಸುರುಳಿಯಾಗಿ ಸುತ್ತಲೂ ಇರುತ್ತವೆ, ನಡುನರ ಎಷ್ಟೋ ಸಲ ಕಾಣುತ್ತದೆ.

ಇಷ್ಟು ವಿವರ ಯಾಕೆ ಎಂದರೆ, ಮಾಸ್ ಮೇಲಿನ ಶಿಲೀಂಧ್ರ ಬೇರೆ, ಲಿವರ್‌ವರ್ಟ್ ಮೇಲಿನದು ಬೇರೆ. ಕೆಲವಂತೂ ಒಂದೇ ಕುಲದ ಗಿಡ ಬಿಟ್ಟು ಇನ್ನೊಂದರ ಕಡೆ ತಿರುಗಿಯೂ ನೋಡುವುದಿಲ್ಲ.

ಫೋಟೊದಲ್ಲಿ ಹೆಚ್ಚಾಗಿ ಕಾಣುವ ಬಟ್ಟಲು ಯಾವುದು?

ಮಾರ್ಕಾಂಷಿಯಾದ ಚಪ್ಪಟೆ ಮೈಮೇಲೆ ಕೆಲವು ಮಿಲಿಮೀಟರ್ ಅಗಲದ ಬಟ್ಟಲುಗಳು ಏಳುತ್ತವೆ. ಇವುಗಳ ಹೆಸರು ಜೆಮ್ಮಾ ಕಪ್. ಬಟ್ಟಲಿನ ಬಣ್ಣ ಗಿಡದ್ದೇ ಹಸಿರು, ಅಂಚಿನಲ್ಲಿ ಗರಗಸದಂತೆ ಸಣ್ಣ ಹಲ್ಲುಗಳು. ಒಳಗೆ ರಾಗಿ ಕಾಳಿಗಿಂತ ಚಿಕ್ಕದಾದ, ಚಪ್ಪಟೆಯಾದ ಹಸಿರು ಬಿಲ್ಲೆಗಳು ಕಾಣುತ್ತವೆ. ಅವೇ ಜೆಮ್ಮಾಗಳು. ಬೀಜವಲ್ಲ, ತಾಯಿ ಗಿಡದ್ದೇ ತದ್ರೂಪಿ ತುಣುಕುಗಳು. ಮಳೆಹನಿ ಬಟ್ಟಲೊಳಗೆ ಬಿದ್ದಾಗ ನೀರು ಸಿಡಿಯುವ ರಭಸಕ್ಕೆ ಅವೂ ಆಚೆ ಹಾರುತ್ತವೆ. ಬಿದ್ದಲ್ಲಿ ಹೊಸ ಗಿಡ. ಒಂದು ಕುಂಡಕ್ಕೆ ಬಂದ ಮಾರ್ಕಾಂಷಿಯಾ ಪಕ್ಕದ ಕುಂಡಗಳಿಗೆಲ್ಲ ಹಬ್ಬುವುದು ಹೀಗೇ. ನರ್ಸರಿಯವರಿಗೆ ಇದು ಒಳ್ಳೆ ತಲೆನೋವು.

ಬಟ್ಟಲು ಪೂರ್ತಿ ದುಂಡಗಿರದೆ ಬಿದಿಗೆ ಚಂದ್ರನಂತೆ ಅರ್ಧ ಬಳೆಯ ಆಕಾರದಲ್ಲಿದ್ದರೆ ಅದು ಲುನುಲೇರಿಯಾ. ಲ್ಯಾಟಿನ್‌ನಲ್ಲಿ ಲುನುಲಾ ಎಂದರೆ ಪುಟ್ಟ ಚಂದ್ರ. ಮೆಡಿಟರೇನಿಯನ್ ಕಡೆಯ ಈ ಗಿಡ ಕುಂಡಗಳ ಜೊತೆ ಜಗತ್ತಿನ ಎಷ್ಟೋ ಕಡೆಗೆ ಪ್ರಯಾಣ ಮಾಡಿದೆ. ಇನ್ನು ಮಾರ್ಕಾಂಷಿಯಾದಲ್ಲಿ ಬಟ್ಟಲಿನ ಬದಲು ಪುಟ್ಟ ಕೊಡೆಗಳು ಎದ್ದಿದ್ದರೆ ಅವೂ ಅಣಬೆಯಲ್ಲ. ಬೆರಳು ಚಾಚಿದಂಥ ಕೊಡೆ ಹೆಣ್ಣು ಗಿಡದ್ದು, ತಟ್ಟೆಯಂಥದ್ದು ಗಂಡು ಗಿಡದ್ದು.

ಬೇರೆ ವೇಷಧಾರಿಗಳೂ ಇದ್ದಾರೆ. ಬೂದು ಮಿಶ್ರಿತ ಹಸಿರಿನ, ಪುಡಿ ಉದುರುವಂಥ, ಉದ್ದ ಕಾಲಿನ ಬಟ್ಟಲಾದರೆ ಅದು ಕ್ಲಾಡೋನಿಯಾ ಎಂಬ ಕಲ್ಲುಹೂವಿನ ಜಾತಿ. ಸೆಗಣಿ, ಗೊಬ್ಬರ, ಕೊಳೆತ ಕಟ್ಟಿಗೆಯ ಮೇಲೆ ಹಕ್ಕಿಗೂಡಿನಂತೆ ಕೂತು ಒಳಗೆ ಮೊಟ್ಟೆಯಂಥ ಗುಂಡುಗಳಿದ್ದರೆ ಅದು ನಿಜವಾಗಿ ಶಿಲೀಂಧ್ರವೇ, ಸಯಾಥಸ್. ಆದರೆ ಅದಕ್ಕೂ ಲಿವರ್‌ವರ್ಟ್‌ಗೂ ಸಂಬಂಧವಿಲ್ಲ. ಮಾಸ್ ಗಿಡದ ನೆತ್ತಿಯಲ್ಲೇ ಕೆಂಪು ಹೂವಿನಂಥ ಬಟ್ಟಲಿದ್ದರೆ ಅದು ಆ ಮಾಸ್‌ನ ಗಂಡು ಭಾಗ.

ಹಾಗಾದರೆ ನಿಜವಾದ ಬಟ್ಟಲು ಶಿಲೀಂಧ್ರ ಹೇಗಿರುತ್ತದೆ?

ನಯವಾಗಿ, ಮೇಣದಂತೆ ಇರುತ್ತದೆ. ಒಳಗೆ ಕಾಳು, ಬಿಲ್ಲೆ ಏನೂ ಇರುವುದಿಲ್ಲ. ಎಳೆಯದಿದ್ದಾಗ ಗುಂಡಗೆ, ಬಲಿತಂತೆ ತೆರೆದುಕೊಂಡು ಬಟ್ಟಲಾಗಿ, ಕೊನೆಗೆ ಹಪ್ಪಳದಂತೆ ಚಪ್ಪಟೆಯಾಗುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಮೂರೂ ಆಕಾರ ಕಂಡರೆ ಮೂರು ಜಾತಿ ಎಂದುಕೊಳ್ಳಬೇಕಿಲ್ಲ. ಮುಖ್ಯವಾಗಿ, ಅದರ ಮೈ ಗಿಡದ ಮೈಯ ಮುಂದುವರಿಕೆಯಾಗಿರುವುದಿಲ್ಲ. ಬೇರೆಯದೊಂದು ವಸ್ತು ತಂದು ಇಟ್ಟಂತೆ ಕಾಣುತ್ತದೆ.

ಈ ಪೈಕಿ ಕಣ್ಣಿಗೆ ಹಬ್ಬ ಎನ್ನಬಹುದಾದದ್ದು ನಿಯೇಸಿಯಾ ಜಂಗರ್‌ಮ್ಯಾನಿಯೆ. ಯುರೋಪಿನಲ್ಲಿ, ಅದರಲ್ಲೂ ಬ್ರಿಟನ್ನಿನಲ್ಲಿ, ಚಳಿಗಾಲದ ಕೊನೆಯಿಂದ ವಸಂತದವರೆಗೆ ಹುಳಿಮಣ್ಣಿನ ತೇವದ ದಿಬ್ಬಗಳಲ್ಲಿ ಸಿಗುತ್ತದೆ. ಬಣ್ಣ ನವಿಲು ಕತ್ತಿನ ನೀಲಿ-ಹಸಿರು. ಅಗಲ ಸುಮಾರು ಒಂದು ಮಿಲಿಮೀಟರ್. ಅಲ್ಲಿನ ಅಣಬೆ ಆಸಕ್ತರು ಇದನ್ನು ಹುಡುಕುವ ಕ್ರಮ ತಮಾಷೆಯಾಗಿದೆ. ಅವರು ಶಿಲೀಂಧ್ರವನ್ನು ಹುಡುಕುವುದೇ ಇಲ್ಲ. ಮೊದಲು ಕ್ಯಾಲಿಪೊಜಿಯಾ, ಸೆಫಲೋಜಿಯಾ ಮುಂತಾದ ಎಲೆಯುಳ್ಳ ಲಿವರ್‌ವರ್ಟ್‌ಗಳ ಹಸಿರು ಹಾಸನ್ನು ಹುಡುಕುತ್ತಾರೆ. ಸಿಕ್ಕಿದರೆ ಮಂಡಿಯೂರಿ, ಲೆನ್ಸ್ ಕಣ್ಣಿಗೆ ಒತ್ತಿ, ಅಂಗುಲ ಅಂಗುಲ ತಡಕುತ್ತಾರೆ. ನಿಂತುಕೊಂಡು ನೋಡಿದವರಿಗೆ ಇದು ಸಿಗುವುದಿಲ್ಲ.

ಇದೇ ಬಣ್ಣದ ಇನ್ನೊಂದು ಬಟ್ಟಲು ಇದೆ, ಕ್ಲೋರೊಸಿಬೋರಿಯಾ. ಇಂಟರ್ನೆಟ್ಟಿನಲ್ಲಿ ನೀಲಿ-ಹಸಿರು ಬಟ್ಟಲಣಬೆ ಎಂದು ಹುಡುಕಿದರೆ ಮೊದಲು ಸಿಗುವುದು ಇದೇ, ಆದ್ದರಿಂದ ಎರಡನ್ನೂ ಬೆರೆಸುವುದು ಸಹಜ. ಬಿಡಿಸುವ ದಾರಿ ಮತ್ತೆ ಅದೇ: ಎಲ್ಲಿ ಕೂತಿದೆ? ಕ್ಲೋರೊಸಿಬೋರಿಯಾ ಬೆಳೆಯುವುದು ಸತ್ತ ಮರದ ಮೇಲೆ, ಗಾತ್ರದಲ್ಲೂ ಹಲವು ಪಟ್ಟು ದೊಡ್ಡದು. ಅದು ಹೊಕ್ಕ ಕಟ್ಟಿಗೆ ಒಳಗೆಲ್ಲ ಹಸಿರಾಗುತ್ತದೆ. ಆ ಬಣ್ಣದ ಮರವನ್ನು ಇಟಲಿಯ ಕುಶಲಕರ್ಮಿಗಳು ಐನೂರು ವರ್ಷದ ಹಿಂದೆಯೇ ಮರದ ಕೆತ್ತು-ಜೋಡಣೆ ಚಿತ್ರಗಳಲ್ಲಿ ಬಳಸುತ್ತಿದ್ದರು.

ನಿಯೇಸಿಯಾದಲ್ಲಿ ಬಿಳಿ ಬಣ್ಣದ ಜಾತಿಯೂ ಇದೆ. ಚಪ್ಪಟೆ ಲಿವರ್‌ವರ್ಟ್‌ಗಳ ಮೇಲೆ ಬರುವುದು ಬೇರೆಯೇ ಕುಲ, ಬ್ರಯೋಸೈಫಸ್. ಒಂದು ಜಾತಿ ಮಾರ್ಕಾಂಷಿಯಾ ಮೇಲೆ, ಇನ್ನೊಂದು ಕೊನೊಸೆಫಲಮ್ ಮೇಲೆ. ಕೊನೊಸೆಫಲಮ್ ಎಂದರೆ ಹಾವಿನ ಚರ್ಮದಂತೆ ಮೈಮೇಲೆ ಷಟ್ಕೋನದ ಗೆರೆಗಳಿರುವ, ಹಿಸುಕಿದರೆ ಘಾಟು ವಾಸನೆ ಬರುವ ಲಿವರ್‌ವರ್ಟ್. ಇವುಗಳ ಬಟ್ಟಲಿಗೆ ನವಿಲು ಬಣ್ಣವೇನಿಲ್ಲ, ಮಾಸಲು. ಹಾಗಾಗಿ ಬಟ್ಟಲಿಗಿಂತ ಮೊದಲು ಗಿಡದ ಕಲೆಯನ್ನು ಹುಡುಕುವುದು ಜಾಣತನ. ಹಸಿರು ಹಾಸಿನ ನಡುವೆ ಕಂದು ಬಣ್ಣಕ್ಕೆ ತಿರುಗಿ ಸಾಯುತ್ತಿರುವ ತೇಪೆ ಕಂಡರೆ ಲೆನ್ಸ್ ಅಲ್ಲಿಗೆ ಹೋಗಲಿ. ಮಾರ್ಕಾಂಷಿಯಾ ಮೇಲೆ ಕಿತ್ತಳೆ ಬಣ್ಣದ, ಕೆಳಗೆ ಪದರ ಪದರ ಇರುವ ಪುಟ್ಟ ಛತ್ರಿಯಣಬೆಯೂ ಬೆಳೆಯುವುದುಂಟು. ಅದರ ಹೆಸರು ಲೊರೆಲಿಯಾ ಮಾರ್ಕಾಂಷಿಯೆ. ಅದು ಬಟ್ಟಲಿನ ಬಳಗದ್ದಲ್ಲ.

ಎಲೆಯುಳ್ಳ ಲಿವರ್‌ವರ್ಟ್‌ಗಳ ಮೇಲೆ ಇನ್ನೂ ಚಿಕ್ಕದಾದ ಕಿತ್ತಳೆ ಚುಕ್ಕೆಗಳು ಕಂಡರೆ ಆಕ್ಟೊಸ್ಪೊರೆಲ್ಲಾ ಇರಬಹುದು. ಇದು ಬಟ್ಟಲಾಗಿ ತೆರೆದುಕೊಳ್ಳದೆ ಪುಟ್ಟ ಗಡಿಗೆಯಂತೆ ಉಳಿಯುತ್ತದೆ. ಲೆನ್ಸಿಗೂ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಜರ್ಮನಿಯ ಪೀಟರ್ ಡೊಬ್ಬೆಲರ್ ಎಂಬ ವಿಜ್ಞಾನಿ ಮಾಸ್ ಮತ್ತು ಲಿವರ್‌ವರ್ಟ್‌ಗಳ ಮೇಲೆಯೇ ಬದುಕುವ ಇಂಥ ಶಿಲೀಂಧ್ರಗಳ ಬೆನ್ನು ಹತ್ತಿ ದಶಕಗಳನ್ನು ಕಳೆದಿದ್ದಾರೆ. ಇಂಥವು ಒಂದೆರಡಲ್ಲ, ನೂರಾರು ಇವೆ.

ಕಿತ್ತಳೆ ಬಟ್ಟಲು ಕಂಡರೆ ಅವಸರ ಬೇಡ

ನೆಲದ ಮೇಲೆ ಕಿತ್ತಳೆ ಅಥವಾ ಕೆಂಪು ಬಟ್ಟಲು ಕಂಡು, ಪಕ್ಕದಲ್ಲಿ ಲಿವರ್‌ವರ್ಟ್ ಇದ್ದರೆ ಅದರ ಮೇಲಿನದೇ ಎಂದು ಹೇಳಿಬಿಡುವುದು ಸುಲಭ. ಇಲ್ಲಿ ಸ್ವಲ್ಪ ನಿಧಾನ ಬೇಕು. ಆಕ್ಟೊಸ್ಪೊರಾ, ಲ್ಯಾಂಪ್ರೊಸ್ಪೊರಾ, ನಿಯೊಟಿಯೆಲ್ಲಾ ಎಂಬ ಮೂರು ಕುಲಗಳ ಕಿತ್ತಳೆ ಬಟ್ಟಲುಗಳು ಹೆಚ್ಚಾಗಿ ಮಾಸ್‌ಗಳನ್ನು ಅವಲಂಬಿಸಿವೆ. ಲಿವರ್‌ವರ್ಟ್ ಹಿಡಿಯುವವು ಬೆರಳೆಣಿಕೆಯಷ್ಟು. ಇವು ಗಿಡದ ಎಲೆಯನ್ನಲ್ಲ, ಮಣ್ಣಿನೊಳಗಿರುವ ರೈಜಾಯ್ಡ್ ಎಂಬ ಬೇರಿನಂಥ ಎಳೆಗಳನ್ನು ಹಿಡಿಯುತ್ತವೆ. ಅಂದರೆ ಸಂಬಂಧ ಇರುವುದು ನೆಲದಡಿಯಲ್ಲಿ, ಬಟ್ಟಲು ಮಾತ್ರ ಮೇಲೆ. ಮೂರು ಜಾತಿಯ ಗಿಡಗಳು ಹೆಣೆದುಕೊಂಡಿರುವ ಕಡೆ ಯಾವುದರ ಎಳೆಯನ್ನು ಹಿಡಿದಿದೆ ಎಂದು ಮೇಲಿನಿಂದ ಹೇಳಲು ಬರುವುದಿಲ್ಲ. ಬಟ್ಟಲಿನ ಬುಡದ ಮಣ್ಣನ್ನು ತೊಳೆದು ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಆಕ್ಟೊಸ್ಪೊರಾ ಎಂಬ ಹೆಸರಿಟ್ಟವರು ಯೊಹಾನ್ ಹೆಡ್ವಿಗ್. ವೃತ್ತಿಯಲ್ಲಿ ವೈದ್ಯರು, ಆಸಕ್ತಿಯಲ್ಲಿ ಮಾಸ್ ಪಂಡಿತರು. ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ಅವರು 1789ರಲ್ಲಿ ಈ ಹೆಸರು ಕೊಟ್ಟರು. ಅರ್ಥ, ಎಂಟು ಬೀಜಕಗಳದ್ದು. ಬಟ್ಟಲಿನ ಒಳಮೈಯಲ್ಲಿ ಊದುಬತ್ತಿ ಕಟ್ಟಿನಂತೆ ಒತ್ತೊತ್ತಾಗಿ ನಿಂತ ಉದ್ದನೆಯ ಚೀಲಗಳಿರುತ್ತವೆ, ಒಂದೊಂದರಲ್ಲೂ ಸಾಮಾನ್ಯವಾಗಿ ಎಂಟೆಂಟು ಬೀಜಕ. ಆ ಕಾಲದ ಸೂಕ್ಷ್ಮದರ್ಶಕದಲ್ಲಿ ಅದನ್ನು ಎಣಿಸಿದ್ದರು ಎಂಬುದೇ ದೊಡ್ಡ ಮಾತು. ಮಾಸ್‌ಗಳ ಇವತ್ತಿನ ವೈಜ್ಞಾನಿಕ ಹೆಸರುಗಳಿಗೆ ಆರಂಭ ಎಂದು ಒಪ್ಪಿಕೊಂಡಿರುವ ಪುಸ್ತಕವೂ ಅವರದ್ದೇ, ಅವರು ತೀರಿಕೊಂಡ ಮೇಲೆ 1801ರಲ್ಲಿ ಬಂತು.

ಮೊಬೈಲ್ ಆ್ಯಪ್ ಹೇಳಿದ ಹೆಸರು ನಂಬಬಹುದೇ?

ಗಿಡದ ಕುಲದ ಮಟ್ಟಕ್ಕೆ ಒಂದು ಸುಳಿವು ಎಂದು ತೆಗೆದುಕೊಳ್ಳಿ. ಶಿಲೀಂಧ್ರದ ಜಾತಿಯ ಹೆಸರಿಗೆ ನಂಬಬೇಡಿ. ಫೋಟೊ ಎಷ್ಟೇ ಚೆನ್ನಾಗಿದ್ದರೂ ಹೆಸರನ್ನು ನಿರ್ಧರಿಸುವ ಸಂಗತಿಗಳು ಅದರಲ್ಲಿ ಬರುವುದೇ ಇಲ್ಲ.

ಸೂಕ್ಷ್ಮದರ್ಶಕದಡಿ ನೋಡುವವರು ಏನು ನೋಡುತ್ತಾರೆ? ಬೀಜಕ ದುಂಡಗಿದೆಯೋ ಉದ್ದವೋ, ಮೈ ನುಣುಪೋ ಅಥವಾ ಜಾಲರಿಯಂಥ ಉಬ್ಬುಗಳಿವೆಯೋ. ಲ್ಯಾಂಪ್ರೊಸ್ಪೊರಾದ ಬೀಜಕ ಹೆಚ್ಚಾಗಿ ಗುಂಡು, ಮೇಲೆ ಕಸೂತಿ ಹಾಕಿದಂಥ ಅಲಂಕಾರ. ಅದು ಎದ್ದು ಕಾಣಲು ಕಾಟನ್ ಬ್ಲೂ ಎಂಬ ನೀಲಿ ಬಣ್ಣ ಹಾಕುತ್ತಾರೆ. ಆಮೇಲೆ ಬೀಜಕದ ಚೀಲ ಹೇಗೆ ಬಾಯಿ ಬಿಡುತ್ತದೆ ಎಂಬುದು. ಕಿತ್ತಳೆ ಬಟ್ಟಲುಗಳ ಬಳಗದಲ್ಲಿ ಚೀಲದ ತುದಿ ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ನಿಯೇಸಿಯಾದ ಬಳಗದಲ್ಲಿ ಮುಚ್ಚಳವಿಲ್ಲ, ತುದಿ ಬಿರಿದು ಬೀಜಕಗಳು ಹೊರಗೆ ಚಿಮ್ಮುತ್ತವೆ. ಕೆಲವು ಜಾತಿಗಳಲ್ಲಿ ಚೀಲದ ತುದಿಗೆ ಅಯೋಡಿನ್ ಸೋಕಿಸಿದರೆ ನೀಲಿಯಾಗುತ್ತದೆ, ಕೆಲವುದರಲ್ಲಿ ಆಗುವುದಿಲ್ಲ. ಶಾಲೆಯಲ್ಲಿ ಆಲೂಗೆಡ್ಡೆಯ ಮೇಲೆ ಅಯೋಡಿನ್ ಹಾಕಿದ ಹಾಗೆಯೇ.

ಇನ್ನೊಂದು ತೊಡಕಿದೆ. ಒಣಗಿಸಿ ಇಟ್ಟ ಮಾದರಿಯಲ್ಲಿ ಕೆಲವು ಗುರುತುಗಳು ಅಳಿಸಿಹೋಗುತ್ತವೆ. ಬೀಜಕದೊಳಗಿನ ಎಣ್ಣೆಹನಿಗಳ ಜೋಡಣೆ, ಜೀವಕೋಶದೊಳಗಿನ ಹೊಳೆಯುವ ಕಣಗಳು ಜೀವ ಇದ್ದಾಗ ಮಾತ್ರ ಸರಿಯಾಗಿ ಕಾಣುತ್ತವೆ. ಜರ್ಮನಿಯ ಹ್ಯಾನ್ಸ್-ಒಟ್ಟೊ ಬರಾಲ್ 1992ರಲ್ಲಿ ಇದನ್ನು ವಿಸ್ತಾರವಾಗಿ ವಾದಿಸಿ ಬರೆದರು. ಜೀವಂತ ಬಟ್ಟಲನ್ನು ಬರೀ ನೀರಿನಲ್ಲಿಟ್ಟು ನೋಡಿ ಎಂಬುದು ಅವರ ಒತ್ತಾಯ. ಅಂದಿನಿಂದ ಬಟ್ಟಲು ಶಿಲೀಂಧ್ರ ನೋಡುವವರ ಅಭ್ಯಾಸವೇ ಬದಲಾಗಿದೆ.

ಇಷ್ಟು ಚಿಕ್ಕದರ ಹೆಸರು ತಿಳಿದು ಏನಾಗಬೇಕು?

ಈ ಪ್ರಶ್ನೆಗೆ ಒಂದು ಪ್ರಸಂಗವೇ ಉತ್ತರ. ಬ್ರಿಟನ್ನಿನ ಬಂಜರು ಗುಡ್ಡಗಳಲ್ಲಿ ಹೀದರ್ ಎಂಬ ನೇರಳೆ ಹೂವಿನ ಪೊದೆ ಬೆಳೆಯುತ್ತದೆ. ಅಷ್ಟು ಸಾರವಿಲ್ಲದ ಹುಳಿಮಣ್ಣಿನಲ್ಲಿ ಅದು ಬದುಕುವುದು ಬೇರಿನೊಳಗೆ ಸೇರಿಕೊಂಡ ಒಂದು ಶಿಲೀಂಧ್ರದ ಸಹಾಯದಿಂದ. ಶಿಲೀಂಧ್ರ ಮಣ್ಣಿನಿಂದ ಸಾರಜನಕವನ್ನು ಹೀರಿ ಕೊಡುತ್ತದೆ, ಗಿಡ ಸಕ್ಕರೆ ಕೊಡುತ್ತದೆ. 1974ರಲ್ಲಿ ಡೇವಿಡ್ ರೀಡ್ ಎಂಬ ಬ್ರಿಟಿಷ್ ವಿಜ್ಞಾನಿ ಇದರ ಬಟ್ಟಲನ್ನು ವಿವರಿಸಿ, ಹೀದರ್ ಗಿಡಗಳ ಹೆಸರೇ ಬರುವಂತೆ ಎರಿಸೆ ಎಂದು ಹೆಸರಿಟ್ಟರು. ಮುಂದೆ ಎಲೆಯುಳ್ಳ ಲಿವರ್‌ವರ್ಟ್‌ಗಳ ರೈಜಾಯ್ಡ್ ಎಳೆಗಳೊಳಗೆ ಇರುವುದೂ ಇದೇ ಎಂದು ಗೊತ್ತಾಯಿತು. ಅಷ್ಟೇ ಅಲ್ಲ, ಲಿವರ್‌ವರ್ಟ್ ಮೇಲಿನ ಪುಟ್ಟ ಬಟ್ಟಲೊಂದನ್ನು ಬಹಳ ಮೊದಲೇ ಬೇರೆಯವರು ಬೇರೆ ಹೆಸರಿನಲ್ಲಿ ವಿವರಿಸಿದ್ದರು. ಎರಡೂ ಒಂದೇ ಎಂದಾದ ಮೇಲೆ ಹಳೆಯ ಹೆಸರಿಗೆ ಮಾನ್ಯತೆ ಸಿಕ್ಕಿ, ಈಗ ಅದು ಹಯಲೊಸ್ಕೈಫಾ ಹೆಪಾಟಿಸಿಕೋಲಾ. ಅರ್ಥ, ಲಿವರ್‌ವರ್ಟ್‌ನಲ್ಲಿ ವಾಸಿಸುವುದು. ಹೀದರ್ ಬೇರನ್ನು ನೋಡುವವರು ಲಿವರ್‌ವರ್ಟ್ ನೋಡುತ್ತಿರಲಿಲ್ಲ, ಲಿವರ್‌ವರ್ಟ್ ನೋಡುವವರಿಗೆ ಹೀದರ್ ಬೇಕಿರಲಿಲ್ಲ. ಒಂದೇ ಜೀವಿ ಎರಡು ಹೆಸರಿನಲ್ಲಿ ಎರಡು ಕಪಾಟುಗಳಲ್ಲಿ ಕೂತಿತ್ತು.

ವಿಷವೇ? ತೋಟಕ್ಕೆ ರೋಗ ತರುತ್ತದೆಯೇ?

ಈ ಬಟ್ಟಲುಗಳು ಹಿಡಿಯುವುದು ತಮ್ಮ ಲಿವರ್‌ವರ್ಟ್ ಅಥವಾ ಮಾಸ್ ಗಿಡವನ್ನು. ಅಡಿಕೆಗೆ ಕೊಳೆರೋಗ ತರುವುದು ಫೈಟಾಫ್ತೊರಾ ಎಂಬ ಬೇರೆಯೇ ಜೀವಿ, ಅದು ಬಟ್ಟಲು ಕಟ್ಟುವುದಿಲ್ಲ. ಇನ್ನು ತಿನ್ನುವ ಮಾತು. ಒಂದು ಮಿಲಿಮೀಟರಿನದ್ದನ್ನು ಪಲ್ಯ ಮಾಡಲು ಯಾರೂ ಹೊರಡಲಾರರು ಎಂದುಕೊಳ್ಳೋಣ.

ಮುಟ್ಟಿದರೆ ತುರಿಕೆ ಬರಬಹುದು ಎಂಬ ಎಚ್ಚರಿಕೆ ಒಂದು ಲಿವರ್‌ವರ್ಟ್‌ಗೆ ನಿಜಕ್ಕೂ ಅನ್ವಯಿಸುತ್ತದೆ. ಮರದ ತೊಗಟೆಯ ಮೇಲೆ ಕೆಂಗಂದು ಬಣ್ಣದಲ್ಲಿ ಹಬ್ಬುವ ಫ್ರುಲ್ಲಾನಿಯಾದಲ್ಲಿರುವ ರಾಸಾಯನಿಕದಿಂದ ಯುರೋಪ್, ಉತ್ತರ ಅಮೆರಿಕದ ಮರ ಕಡಿಯುವ ಕೆಲಸಗಾರರಿಗೆ ಚರ್ಮದ ಅಲರ್ಜಿ ಆಗಿರುವುದು ದಾಖಲಾಗಿದೆ. ಅದು ಗಿಡದ ಗುಣ, ಬಟ್ಟಲಿನದ್ದಲ್ಲ.

ಲಿವರ್ ಕಾಯಿಲೆಗೆ ಲಿವರ್‌ವರ್ಟ್: ಈ ಮಾತು ಎಲ್ಲಿಂದ ಬಂತು?

ಹೆಸರಿನಿಂದ. ವರ್ಟ್ ಎಂಬುದು ಗಿಡ ಎನ್ನುವುದಕ್ಕೆ ಹಳೆಯ ಇಂಗ್ಲಿಷ್ ಪದ. ಚಪ್ಪಟೆ ಗಿಡದ ಹಾಲೆಗಳು ಪಿತ್ತಜನಕಾಂಗದ ಹಾಲೆಗಳಂತೆ ಕಂಡವು, ಹಾಗಾಗಿ ಲಿವರ್ ಗಿಡ. ಯಾವ ಅಂಗದಂತೆ ಕಾಣುತ್ತದೋ ಆ ಅಂಗಕ್ಕೆ ಔಷಧಿ ಎಂಬ ನಂಬಿಕೆ ಆಗಿನ ಯುರೋಪಿನಲ್ಲಿ ಬಲವಾಗಿತ್ತು. ಅಕ್ರೋಟು ಮಿದುಳಿನಂತಿದೆ, ಮಿದುಳಿಗೆ ಒಳ್ಳೆಯದು ಎಂಬ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಅದೇ ತರ್ಕ, ಅದೇ ವಯಸ್ಸು.

ಮಾರ್ಕಾಂಷಿಯಾದಿಂದ ತೆಗೆದ ಮಾರ್ಕಾಂಟಿನ್ ಮುಂತಾದ ರಾಸಾಯನಿಕಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ, ನಿಜ. ಗಾಜಿನ ತಟ್ಟೆಯಲ್ಲಿ ಕೆಲಸ ಮಾಡಿದ್ದು ಮನುಷ್ಯರ ಕಾಮಾಲೆ ವಾಸಿ ಮಾಡುತ್ತದೆ ಎಂದಲ್ಲ. ಮಳೆಗಾಲದಲ್ಲಿ ಈ ಫಾರ್ವರ್ಡ್ ಅಪಾಯಕಾರಿ ಆಗುವುದು ಇಲ್ಲಿ. ಕಣ್ಣು ಹಳದಿಯಾಗುವುದಕ್ಕೆ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಕಾರಣವಿರಬಹುದು, ಪಿತ್ತನಾಳದ ಕಲ್ಲು ಇರಬಹುದು, ಇಲಿಜ್ವರವೂ ಇರಬಹುದು. ಇಲಿಜ್ವರಕ್ಕೆ ಆ್ಯಂಟಿಬಯೋಟಿಕ್ ಬೇಗ ಸಿಗಬೇಕು, ತಡವಾದರೆ ಕಿಡ್ನಿಗೂ ಹೊಡೆತ. ಚರಂಡಿ ಪಕ್ಕದ ಗೋಡೆಯಿಂದ ಕೆರೆದು ತಂದ ಪಾಚಿಯ ರಸ ಕುಡಿದು ನಾಲ್ಕು ದಿನ ಕಾಯುವ ಕಾಯಿಲೆ ಅಲ್ಲ ಇದು. ಕಣ್ಣು ಅಥವಾ ಮೂತ್ರ ಹಳದಿಯಾಗಿ ಜ್ವರವೂ ಇದ್ದರೆ ಅಂದೇ ರಕ್ತಪರೀಕ್ಷೆಗೆ ಹೋಗಿ.

ನಿಮಗೇ ಇಂಥ ಬಟ್ಟಲು ಸಿಕ್ಕರೆ

ಪಶ್ಚಿಮಘಟ್ಟದ ಮಳೆಕಾಡುಗಳು ಲಿವರ್‌ವರ್ಟ್‌ಗಳಿಗೆ ಹೇಳಿಮಾಡಿಸಿದ ಜಾಗ. ಕೊಡಗು, ಆಗುಂಬೆ ಕಡೆಯ ರಸ್ತೆ ಬದಿಯ ತೇವದ ದರೆ, ಹಳ್ಳದ ಬಂಡೆ, ತೋಟದ ಕಾಲುವೆಯ ಅಂಚು ನೋಡಬಹುದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಡಚುವ ಲೆನ್ಸ್ ಇದ್ದರೆ ಸಾಕು.

ಫೋಟೊ ತೆಗೆಯುವಾಗ ಎಲ್ಲರೂ ಬಟ್ಟಲನ್ನೇ ಝೂಮ್ ಮಾಡುತ್ತಾರೆ. ಗುರುತಿಸುವವರಿಗೆ ಬೇಕಾದದ್ದು ಕನಿಷ್ಠ ಮೂರು ಫೋಟೊ. ಜಾಗ ಕಾಣುವಂತೆ ದೂರದಿಂದ ಒಂದು, ಗಿಡದ ಎಲೆ ಅಥವಾ ಪಟ್ಟಿ ಸ್ಪಷ್ಟವಾಗಿ ಕಾಣುವಂತೆ ಒಂದು, ಬಟ್ಟಲು ಗಿಡಕ್ಕೆ ಅಂಟಿಕೊಂಡಿರುವ ಬುಡವನ್ನು ಪಕ್ಕದಿಂದ ತೋರಿಸುವ ಒಂದು. ಅಳತೆಗೆ ಸ್ಕೇಲಿನ ತುದಿ ಇಡಿ. ಇಲ್ಲವಾದರೆ ಒಂದು ರೂಪಾಯಿ ನಾಣ್ಯ ಆದೀತು, ಅದರ ಅಗಲ ಸುಮಾರು 2 ಸೆಂಟಿಮೀಟರ್. ಫ್ಲ್ಯಾಶ್ ಹಾಕಿದರೆ ಒದ್ದೆ ಮೈ ಹೊಳೆದು ಬಣ್ಣ ಕೆಡುತ್ತದೆ, ಮೋಡದ ಬೆಳಕೇ ಒಳ್ಳೆಯದು. ಸ್ಥಳ, ದಿನಾಂಕದ ಜೊತೆ ಐನ್ಯಾಚುರಲಿಸ್ಟ್ ತಾಣದಲ್ಲಿ ಹಾಕಿದರೆ ಬೇರೆ ಬೇರೆ ದೇಶದ ಆಸಕ್ತರು ನೋಡುತ್ತಾರೆ. ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿದ ಫೋಟೊಗೆ ಸ್ಥಳವೂ ಇರುವುದಿಲ್ಲ, ತೆಗೆದವರೂ ಇರುವುದಿಲ್ಲ. ಅಂಥದ್ದರಿಂದ ಯಾವ ತಜ್ಞರೂ ಏನೂ ಮಾಡಲಾರರು.

ನಿಮ್ಮದೇ ತೋಟದಲ್ಲಿ ಸಿಕ್ಕಿದರೆ ಬಟ್ಟಲನ್ನು ಮಾತ್ರ ಚಿವುಟಬೇಡಿ. ಬುಡದ ಮಣ್ಣು, ಗಿಡ ಸಮೇತ ಬೆಂಕಿಪೆಟ್ಟಿಗೆಯಷ್ಟು ತುಂಡನ್ನು ಎತ್ತಿ, ಮುಚ್ಚಳದ ಸಣ್ಣ ಡಬ್ಬಿಯಲ್ಲಿ ತಂಪಾಗಿಟ್ಟು, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಂದೆರಡು ದಿನದೊಳಗೆ ತಲುಪಿಸಿ, ಬಟ್ಟಲು ಜೀವಂತ ಇರುವಾಗಲೇ ನೋಡಲಿ. ಆಮೇಲೆ ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಇಡದೆ ಕಾಗದದ ಪೊಟ್ಟಣದಲ್ಲಿ ಒಣಗಿಸಿ, ಮೇಲೆ ಊರು, ದಿನಾಂಕ, ಗಿಡದ ಹೆಸರು ಬರೆದಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಎಳೆ ಪಾಚಿಯನ್ನೂ ಕೀಳುವಂತಿಲ್ಲ. ಅಲ್ಲಿ ಫೋಟೊ ಅಷ್ಟೇ.